ದಡದ ಮೇಲೆ ಸರಿ, ನೀರಿಗಿಳಿದರೆ ಆಫ್: ಜೆಟ್ ದೋಣಿಯ ಐಡ್ಲಿಂಗ್ ಕುರಿತು ಓದುಗರ ಪ್ರಶ್ನೆಗಳು

ಮಳೆಗಾಲ ಮುಗಿದು ಕರಾವಳಿಯಲ್ಲಿ ಜಲಕ್ರೀಡೆಯ ದೋಣಿಗಳು ಮತ್ತೆ ನೀರಿಗಿಳಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳೂ ಬದಲಾಗುತ್ತವೆ. ಪಂಪ್‌ಸೆಟ್, ಟಿಲ್ಲರ್‌ಗಳ ಪ್ರಶ್ನೆಗಳ ನಡುವೆ ಈ ಸಲ ನಾಲ್ಕು ಪತ್ರಗಳು, ಪ್ರೊಪೆಲರ್ ಬದಲು ಪಂಪಿನಿಂದ ನೀರನ್ನು ಹಿಂದಕ್ಕೆ ಚಿಮ್ಮಿಸಿ ಓಡುವ ಜೆಟ್ ದೋಣಿಗಳ ಬಗ್ಗೆ ಬಂದಿವೆ. ವೇಗವಾಗಿ ಓಡುವಾಗ ತಕರಾರಿಲ್ಲದ ಎಂಜಿನ್, ನಿಧಾನವಾಗಿ ತಿರುಗಬೇಕಾದಾಗ, ಎಂದರೆ ಐಡ್ಲಿಂಗ್‌ನಲ್ಲಿ, ಹಟ ಮಾಡುತ್ತದೆ ಎಂಬುದೇ ನಾಲ್ಕರ ದೂರು. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಪುಟಗಳನ್ನು ಇದಕ್ಕೇ ಮೀಸಲಿಟ್ಟಿದ್ದೇನೆ. ಮಲ್ಪೆಯವರಿಗೆ ಬರೆದ ಉತ್ತರ ದೀರ್ಘವಾಗಿದೆ. ಉಳಿದ ಮೂವರೂ ಮೊದಲು ಅದನ್ನು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಪ್ರವಾಸಿಗರನ್ನು ಸುತ್ತಾಡಿಸಲು ನಾವು ಒಂದು ಸಣ್ಣ ಜೆಟ್ ದೋಣಿಯನ್ನು ಇಟ್ಟುಕೊಂಡಿದ್ದೇವೆ. ನಾಲ್ಕು ಸಿಲಿಂಡರಿನ, ಫ್ಯೂಯಲ್ ಇಂಜೆಕ್ಷನ್ ಇರುವ, 180 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್. ಜೂನ್ ತಿಂಗಳಿಂದ ಶೆಡ್ಡಿನಲ್ಲಿತ್ತು. ಈಗ ಟ್ರೇಲರ್ ಮೇಲೆ ಪೈಪಿನ ನೀರು ಕೊಟ್ಟು ಚಾಲೂ ಮಾಡಿದರೆ ಐಡ್ಲಿಂಗ್ ಚೆನ್ನಾಗಿಯೇ ನಿಲ್ಲುತ್ತದೆ. ಸಮುದ್ರಕ್ಕೆ ಇಳಿಸಿದ ಮೇಲೆ ಮಾತ್ರ, ದಡದತ್ತ ಬರುತ್ತಾ ಥ್ರಾಟಲ್ ಬಿಟ್ಟ ಕೂಡಲೇ ಆರ್‌ಪಿಎಂ ಕುಸಿದು ಆಫ್ ಆಗುತ್ತದೆ. ಕೀ ತಿರುಗಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ನಮ್ಮ ಮೆಕ್ಯಾನಿಕ್ ಥ್ರಾಟಲ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿಕೊಟ್ಟರು. ಆಫ್ ಆಗುವುದು ಕಡಿಮೆಯಾಯಿತು, ಆದರೆ ಜನರನ್ನು ಹತ್ತಿಸಿಕೊಳ್ಳುವಾಗ ದೋಣಿ ನಿಂತಲ್ಲಿ ನಿಲ್ಲದೆ ಮುಂದಕ್ಕೆ ಜಗ್ಗುತ್ತದೆ. ಏನು ಮಾಡಬೇಕು?
ಓದುಗರೊಬ್ಬರು, ಮಲ್ಪೆ

ಉತ್ತರ: ಮೊದಲು ಆ ಸ್ಕ್ರೂವನ್ನು ಇದ್ದ ಜಾಗಕ್ಕೆ ಹಿಂದಿರುಗಿಸಿ, ಇಲ್ಲವೇ ಕಂಪನಿಯ ಕೈಪಿಡಿಯಲ್ಲಿರುವ ಅಳತೆಗೆ ತನ್ನಿ. ಮೆಕ್ಯಾನಿಕ್ ಮಾಡಿದ ಕೆಲಸ ಕಾರಿನಲ್ಲಾದರೆ ಹೇಗೋ ನಡೆದುಹೋಗುತ್ತಿತ್ತು, ಏಕೆಂದರೆ ಕಾರಿಗೆ ನ್ಯೂಟ್ರಲ್ ಇದೆ. ನಿಮ್ಮ ದೋಣಿಗೆ ನಿಜವಾದ ನ್ಯೂಟ್ರಲ್ ಇಲ್ಲ. ಈ ವರ್ಗದ ದೋಣಿಗಳಲ್ಲಿ ಎಂಜಿನ್ನಿಗೂ ಇಂಪೆಲರಿಗೂ (ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ) ನಡುವೆ ಕ್ಲಚ್ಚೂ ಇಲ್ಲ, ಗೇರ್‌ಬಾಕ್ಸೂ ಇಲ್ಲ. ಕ್ರ್ಯಾಂಕ್ ತಿರುಗಿದಷ್ಟು ಹೊತ್ತೂ ಪಂಪು ತಿರುಗಿ ನೀರನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತದೆ. ನ್ಯೂಟ್ರಲ್ ಎಂದು ನಾವು ಕರೆಯುವುದು ಹಿಂಭಾಗದ ಬಕೆಟ್ಟು, ಎಂದರೆ ಚಿಮ್ಮುವ ನೀರಿಗೆ ಅಡ್ಡ ಇಳಿಯುವ ಬಾಗಿದ ಮುಚ್ಚಳ, ಅರ್ಧ ಇಳಿದು, ಹೊರಬಂದ ನೀರಿನ ಒಂದು ಪಾಲನ್ನು ಹಿಂದಕ್ಕೂ ಇನ್ನೊಂದು ಪಾಲನ್ನು ಮುಂದಕ್ಕೂ ಹಂಚಿದಾಗ ಉಂಟಾಗುವ ಸಮತೋಲವನ್ನು ಮಾತ್ರ. ಐಡ್ಲಿಂಗ್ ಏರಿಸಿದಾಗ ಎರಡೂ ದಿಕ್ಕಿನ ನೀರು ಜೋರಾಗುತ್ತದೆ, ಹೊಂದಾಣಿಕೆಯಲ್ಲಿದ್ದ ಸಣ್ಣ ವ್ಯತ್ಯಾಸವೂ ದೊಡ್ಡದಾಗುತ್ತದೆ, ದೋಣಿ ಜಗ್ಗುತ್ತದೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮಕ್ಕಳನ್ನು ಹತ್ತಿಸುವ ಜಾಗದಲ್ಲಿ ಇದು ಅಪಾಯ. ಜೊತೆಗೆ, ದಡದ ಬಳಿ ಪಂಪು ಜೋರಾಗಿ ಎಳೆದಷ್ಟೂ ಮರಳು, ಚಿಪ್ಪು, ಹಗ್ಗದ ಚೂರು ಒಳಸೇರುತ್ತವೆ.

ಐಡ್ಲಿಂಗ್ ಏರಿಸುವುದು ತಪ್ಪಾದರೆ, ಆಫ್ ಆಗಲು ಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಪ್ರೊಪೆಲರ್ ದೋಣಿಗೆ ಹಿಂದೆ ಚುಕ್ಕಾಣಿಯೋ ಎಂಜಿನ್ನಿನ ಕಾಲೋ ನೀರಿನಲ್ಲಿರುವುದರಿಂದ, ಎಂಜಿನ್ ನಿಂತ ಮೇಲೂ ಸಾಗುತ್ತಿರುವಷ್ಟು ಹೊತ್ತು ಸ್ವಲ್ಪವಾದರೂ ತಿರುಗಿಸಬಹುದು. ಜೆಟ್ ದೋಣಿಯಲ್ಲಿ ತಿರುವು ಕೊಡುವುದು ಹೊರಚಿಮ್ಮುವ ನೀರೇ. ಎಂಜಿನ್ ನಿಂತರೆ ಸ್ಟಿಯರಿಂಗ್ ಚಕ್ರ ಎಷ್ಟು ತಿರುಗಿಸಿದರೂ ದೋಣಿ ತಾನು ಹೊರಟ ದಿಕ್ಕಿಗೇ ಹೋಗುತ್ತದೆ. ನೀವು ಥ್ರಾಟಲ್ ಬಿಡುವುದು ದಡ ಹತ್ತಿರವಾದಾಗ, ಜನ ನೀರಿನಲ್ಲಿ ಆಡುತ್ತಿರುವ ಕಡೆ. ಈ ದೋಷ ಪರಿಹಾರವಾಗುವವರೆಗೆ ಬಾಡಿಗೆ ಓಡಿಸಬೇಡಿ. ಸೀಸನ್ ಆರಂಭದಲ್ಲಿ ಈ ಮಾತು ಕಹಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇನ್ನು ಟ್ರೇಲರ್ ಮೇಲೆ ಸರಿ, ನೀರಿನಲ್ಲಿ ಏಕಿಲ್ಲ ಎಂಬ ವಿಚಾರ. ಪಂಪು ಕೇಳುವ ಶಕ್ತಿ ಸುಮಾರಾಗಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ನಿಮ್ಮ ಎಂಜಿನ್ ಪೂರ್ಣ ವೇಗದಲ್ಲಿ 7500 ಆರ್‌ಪಿಎಂ ಹತ್ತಿರ ತಿರುಗಿ 180 ಅಶ್ವಶಕ್ತಿ ಕೊಡುತ್ತದೆ, 1300ರಲ್ಲಿ ಐಡಲ್ ಆಗುತ್ತದೆ ಎಂದಿಟ್ಟುಕೊಂಡರೆ, ಐಡ್ಲಿಂಗ್‌ನಲ್ಲಿ ಪಂಪು ಕೇಳುವುದು ಪೂರ್ಣ ಶಕ್ತಿಯ ಶೇ 0.5ರಷ್ಟು, ಎಂದರೆ ಸುಮಾರು ಒಂದು ಅಶ್ವಶಕ್ತಿ. ಕೇಳುವುದಕ್ಕೆ ಅತ್ಯಲ್ಪ ಎನಿಸುತ್ತದೆ. ಆದರೆ ಐಡ್ಲಿಂಗ್‌ನಲ್ಲಿರುವ ಎಂಜಿನ್ ತನ್ನದೇ ಘರ್ಷಣೆಯನ್ನು ನೀಗಿಸಿಕೊಳ್ಳುವಷ್ಟು ಮಾತ್ರ ಗಾಳಿ, ಇಂಧನ ಪಡೆಯುತ್ತಿರುತ್ತದೆ. ಆ ಸ್ಥಿತಿಯಲ್ಲಿ ಒಂದು ಅಶ್ವಶಕ್ತಿಯ ಹೊರೆ ಚಿಕ್ಕದಲ್ಲ. ಟ್ರೇಲರ್ ಮೇಲೆ ಇಂಪೆಲರ್ ಗಾಳಿಯಲ್ಲಿ ತಿರುಗುವುದರಿಂದ ಆ ಹೊರೆಯೂ ಇರುವುದಿಲ್ಲ. ಹಾಗಾಗಿ ಮನೆಯಂಗಳದ ಪರೀಕ್ಷೆಯಲ್ಲಿ ಎಂಜಿನ್ ಪಾಸಾದುದಕ್ಕೆ ಬೆಲೆ ಕೊಡಬೇಡಿ. ಅಲ್ಲಿ ಫೇಲಾದರೆ ಎಂಜಿನ್ನಿನ ದೋಷ ಖಚಿತ. ಪಾಸಾದರೆ ಏನೂ ತಿಳಿದಂತಾಗಲಿಲ್ಲ.

ಪರೀಕ್ಷೆಯನ್ನು ಅಳಿವೆಯ ಒಳಗಿನ ಶಾಂತ ನೀರಿನಲ್ಲಿ ಮಾಡಿ. ಪಂಪಿನ ಬಾಯಿಯ ಕೆಳಗೆ ಮೂರಡಿಯಾದರೂ ನೀರಿರಲಿ, ಮುಂದೆಯೂ ಹಿಂದೆಯೂ ಗಟ್ಟಿ ಹಗ್ಗದಿಂದ ದೋಣಿ ನಿಲ್ಲಿಸುವ ಕಟ್ಟೆಗೆ ಕಟ್ಟಿ. ಮೇಲೆ ಒಬ್ಬರೇ ಇರಲಿ, ಅವರ ಲೈಫ್ ಜಾಕೆಟ್ಟಿಗೆ ಎಳೆದರೆ ಎಂಜಿನ್ ನಿಲ್ಲಿಸುವ ಲ್ಯಾನ್‌ಯಾರ್ಡ್ ಹಗ್ಗ ಸಿಕ್ಕಿಸಿರಲಿ. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಕೋಣೆಯ ಬ್ಲೋಯರನ್ನು ನಾಲ್ಕು ನಿಮಿಷ ಓಡಿಸಿ ಒಳಗಿನ ಪೆಟ್ರೋಲ್ ಆವಿ ಹೊರಹಾಕಿ. ಮೂಗಿಗೆ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ. ಅನಂತರ ಗಮನಿಸಬೇಕಾದ್ದು ಆಫ್ ಆಗುವ ಬಗೆ. ಎಂಜಿನ್ ತಣ್ಣಗಿರುವಾಗಲೇ ಆಗುತ್ತದೆಯೇ, ಹತ್ತು ಹದಿನೈದು ನಿಮಿಷ ಓಡಿ ಕಾದ ಮೇಲೆಯೇ? ಮೇಲಿನ ವೇಗದಿಂದ ಥ್ರಾಟಲ್ ಬಿಟ್ಟ ಕ್ಷಣ ಮಾತ್ರವೇ, ಸುಮ್ಮನೆ ಐಡಲ್ ಬಿಟ್ಟರೂ ನಿಧಾನವಾಗಿ ಸೊರಗಿ ನಿಲ್ಲುತ್ತದೆಯೇ? ಎಂಜಿನ್ ಕೋಣೆಯ ಮುಚ್ಚಳ ತೆರೆದಿಟ್ಟಾಗ ಒಂದು ರೀತಿ, ಮುಚ್ಚಿದಾಗ ಇನ್ನೊಂದು ರೀತಿ ವರ್ತಿಸುತ್ತದೆಯೇ? ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ನಿಮ್ಮ ಪತ್ರದಲ್ಲಿರುವ ಮಾತುಗಳಿಂದ ನನ್ನ ಅನುಮಾನ ಮೊದಲು ಹೋಗುವುದು ಪೆಟ್ರೋಲಿನ ಕಡೆಗೆ, ಎರಡನೆಯದಾಗಿ ಥ್ರಾಟಲ್ ಬಾಡಿಯ ಕಡೆಗೆ. ಅದಕ್ಕೂ ಮುಂಚೆ, ಕಾಸು ಖರ್ಚಿಲ್ಲದ ಒಂದು ಕೆಲಸ: ಎಂಜಿನ್ ನಿಲ್ಲಿಸಿ, ಕೀ ಮತ್ತು ಲ್ಯಾನ್‌ಯಾರ್ಡ್ ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಂಡು, ಬ್ಯಾಟರಿಯ ನೆಗೆಟಿವ್ ವೈರನ್ನೂ ಬಿಚ್ಚಿ, ದೋಣಿಯನ್ನು ಮೇಲಕ್ಕೆಳೆದು ಅಡಿಭಾಗದ ಜಾಲರಿಯನ್ನೂ ಇಂಪೆಲರಿನ ಶಾಫ್ಟನ್ನೂ ಟಾರ್ಚ್ ಹಾಕಿ ನೋಡಿ. ಮೀನುಗಾರಿಕೆ ಬಂದರಿನ ಪಕ್ಕದ ನೀರಿನಲ್ಲಿ ಬಲೆಯ ನೈಲಾನ್ ನೂಲು ತೇಲುವುದು ಹೊಸದಲ್ಲ. ಶಾಫ್ಟಿಗೆ ನಾಲ್ಕು ಸುತ್ತು ನೂಲು ಬಿಗಿದರೂ ಐಡ್ಲಿಂಗ್ ಇಳಿಯುತ್ತದೆ. ಆದರೆ ಹಾಗಾಗಿದ್ದರೆ ಸಾಮಾನ್ಯವಾಗಿ ಮೇಲಿನ ವೇಗದಲ್ಲಿ ನಡುಕವೂ, ಎಳೆತ ಕಡಿಮೆಯಾಗುವುದೂ ಕಾಣಿಸುತ್ತದೆ. ನೀವು ಆ ಲಕ್ಷಣಗಳನ್ನು ಹೇಳಿಲ್ಲ.

ಈಗ ಪೆಟ್ರೋಲ್. ಜೂನ್‌ಗೆ ಮೊದಲು ಹಾಕಿಸಿದ ಪೆಟ್ರೋಲ್ ಇನ್ನೂ ಟ್ಯಾಂಕಿನಲ್ಲಿದ್ದರೆ ಅದು ನಾಲ್ಕು ತಿಂಗಳ ಕರಾವಳಿಯ ತೇವದೊಡನೆ ಮಲಗಿದ್ದ ಪೆಟ್ರೋಲ್. ನಮ್ಮ ದೇಶದಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟ 2023ರ ಫೆಬ್ರವರಿಯಲ್ಲಿ ಆರಂಭವಾಯಿತು. ಆ ಕಾರ್ಯಕ್ರಮ ನಡೆದದ್ದು ಬೆಂಗಳೂರಿನಲ್ಲೇ. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಂಡೇ ಇರಬಲ್ಲದು, ಆದರೆ ಮಿತಿ ಮೀರಿದಾಗ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಫ್ಯೂಯಲ್ ಪಂಪು ಹೀರುವುದು ತಳದಿಂದ. ವೇಗದಲ್ಲಿ ದೋಣಿ ಕುಲುಕಿ ಎಲ್ಲವೂ ಬೆರೆತು ಹೇಗೋ ಉರಿದುಹೋಗುತ್ತದೆ. ನಿಧಾನವಾದಾಗ ತಳದ ನೀರೇ ಇಂಜೆಕ್ಟರಿಗೆ ಬರುತ್ತದೆ. ಪರೀಕ್ಷೆ ಸುಲಭ. ಟ್ಯಾಂಕಿನ ತಳಕ್ಕೆ ಪೈಪು ಇಳಿಸಿ ಕೈಪಂಪಿನಿಂದ ಅರ್ಧ ಲೀಟರನ್ನು ಪಾರದರ್ಶಕ ಗಾಜಿನ ಬಾಟಲಿಗೆ ತೆಗೆಯಿರಿ, ಒಂದು ಗಂಟೆ ಅಲುಗಾಡಿಸದೆ ನೆರಳಿನಲ್ಲಿಡಿ. ಎಣ್ಣೆ ನೀರಿನ ಮೇಲೆ ನಿಂತ ಹಾಗೆ ಎರಡು ಪದರ ಕಂಡರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಒರೆಸಬೇಕು. ಬೇರ್ಪಟ್ಟದ್ದನ್ನು ಮತ್ತೆ ಬೆರೆಸುತ್ತೇವೆಂದು ಮಾರುವ ಶೀಷೆಗಳಿಗೆ ದುಡ್ಡು ಸುರಿಯಬೇಡಿ. ಬಾಯಿಯಿಂದ ಎಳೆಯುವ ಅಭ್ಯಾಸ ಯಾರಿಗಾದರೂ ಇದ್ದರೆ ಅದನ್ನು ಇವತ್ತೇ ಬಿಡಿಸಿ.

ಪೆಟ್ರೋಲ್ ಬೇರ್ಪಡದೆ ಇದ್ದರೂ ಇನ್ನೊಂದು ಸಂಗತಿ ಇದೆ. ಎಥೆನಾಲ್‌ನಲ್ಲಿ ಆಮ್ಲಜನಕ ಸೇರಿಕೊಂಡೇ ಇರುವುದರಿಂದ, ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ಈಗಿನ ಕಾರಿನ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಗ್ರಹಿಸಿ ಇಂಧನ ಏರಿಸುತ್ತದೆ. ಜಲವಾಹನಗಳ ಅನೇಕ ಎಂಜಿನ್ನುಗಳಲ್ಲಿ ಆ ಸೆನ್ಸರ್ ಇಲ್ಲ. ಅವು ಕಂಪನಿ ಬರೆದಿಟ್ಟ ಲೆಕ್ಕದಂತೆಯೇ ಇಂಧನ ಸಿಂಪಡಿಸುತ್ತವೆ. ಹಾಗಾಗಿ ಮಿಶ್ರಣ ತೆಳುವಾಗಿ ಐಡ್ಲಿಂಗ್ ಬಡಕಲಾಗುತ್ತದೆ. ದೋಣಿ ಎಂಜಿನ್ ತಯಾರಿಸುವ ಹಲವು ಕಂಪನಿಗಳು ಶೇ 10ರವರೆಗಿನ ಎಥೆನಾಲಿಗಷ್ಟೇ ಒಪ್ಪಿಗೆ ಕೊಟ್ಟಿರುವುದು ಇಂಥ ಕಾರಣಗಳಿಗೇ. ನಿಮ್ಮ ಕೈಪಿಡಿಯ ಇಂಧನದ ಪುಟವನ್ನು ತೆರೆದು ಏನು ಬರೆದಿದೆ ಎಂದು ನೋಡಿಕೊಳ್ಳಿ. ಮುಂದಿನ ಮಳೆಗಾಲಕ್ಕೆ ಟ್ಯಾಂಕನ್ನು ಅರ್ಧ ತುಂಬಿಸಿ ಬಿಟ್ಟುಹೋಗುವುದನ್ನು ನಿಲ್ಲಿಸಿ. ಅರ್ಧ ಖಾಲಿ ಟ್ಯಾಂಕೆಂದರೆ ಅರ್ಧ ಟ್ಯಾಂಕು ತೇವದ ಗಾಳಿ.

ಇದೇ ಟ್ಯಾಂಕಿಗೆ ಸಂಬಂಧಿಸಿ ನಾನು ಎರಡು ಸಲ ಕಣ್ಣಾರೆ ಕಂಡದ್ದನ್ನು ಹೇಳಬೇಕು. ಟ್ಯಾಂಕಿನ ಉಸಿರುಕೊಳವೆಯ ಬಾಯಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು! ಗಾಳಿ ಒಳಹೋಗದೆ, ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿನಲ್ಲಿ ನಿರ್ವಾತ ಹೆಚ್ಚಿ, ಪಂಪು ಹೀರಲಾರದೆ ಎಂಜಿನ್ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಎರಡನೆಯ ಸಲ ಮಾಲೀಕರು ಆಗಲೇ ಹೊಸ ಫ್ಯೂಯಲ್ ಪಂಪು ಹಾಕಿಸಿ ಮುಗಿಸಿದ್ದರು. ಟ್ಯಾಂಕಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸುವಾಗ ಗಾಳಿ ಎಳೆದುಕೊಳ್ಳುವ ಸದ್ದು ಬಂದರೆ ಅಥವಾ ಸಡಿಲಿಸಿದ ಮೇಲೆ ಎಂಜಿನ್ ಸರಿಯಾದರೆ ಉಸಿರುಕೊಳವೆಯನ್ನು ನೋಡಿ. ನಾಲ್ಕು ತಿಂಗಳು ಶೆಡ್ಡಿನಲ್ಲಿದ್ದ ದೋಣಿಗೆ ಇದು ದೂರದ ಸಾಧ್ಯತೆ ಅಲ್ಲ.

ಪೆಟ್ರೋಲ್ ಸರಿಯಿದ್ದರೆ ಥ್ರಾಟಲ್ ಬಾಡಿಗೆ ಬನ್ನಿ. ಥ್ರಾಟಲ್ ಬಿಟ್ಟಾಗ ಗಾಳಿಯ ದಾರಿಯನ್ನು ಮುಚ್ಚುವ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಜಾಗವೂ, ಪಕ್ಕದಲ್ಲಿ ಎಂಜಿನ್ ಕಂಪ್ಯೂಟರ್ ನಿಯಂತ್ರಿಸುವ ಸಣ್ಣ ಗಾಳಿಯ ದಾರಿಯೂ ಇರುತ್ತವೆ. ಐಡ್ಲಿಂಗ್‌ನಲ್ಲಿ ಎಂಜಿನ್ ಉಸಿರಾಡುವುದು ಅವುಗಳ ಮೂಲಕವೇ. ಅಲ್ಲಿ ಕಾರ್ಬನ್, ಎಣ್ಣೆಯ ಜಿಡ್ಡು, ಉಪ್ಪಿನ ಪುಡಿ ಸೇರಿದರೆ, ಮೇಲಿನ ವೇಗದಲ್ಲಿ ಏನೂ ವ್ಯತ್ಯಾಸ ಕಾಣದೆ, ಥ್ರಾಟಲ್ ಬಿಟ್ಟ ಕ್ಷಣ ಮಾತ್ರ ಉಸಿರು ಕಟ್ಟುತ್ತದೆ. ನಿಮ್ಮ ಪತ್ರದ ಲಕ್ಷಣವೇ ಇದು. ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ. ಚಾಕು, ಉಜ್ಜುಕಾಗದ ಬೇಡ. ಗಾಳಿಯ ಕವಾಟ ಬಿಚ್ಚಿ ಬರುವಂಥದ್ದಾದರೆ ಬಿಚ್ಚಿ ಒರೆಸಿ, ಅದರ ರಬ್ಬರ್ ಉಂಗುರ ಗಟ್ಟಿಯಾಗಿದ್ದರೆ ಬದಲಿಸಿ. ಮೆಕ್ಯಾನಿಕ್ ತಿರುಗಿಸಿದ ಸ್ಕ್ರೂವಿನ ಇನ್ನೊಂದು ಉಪದ್ರವ ಇಲ್ಲಿದೆ: ತಟ್ಟೆ ಪೂರ್ತಿ ಮುಚ್ಚಿದಾಗ ಥ್ರಾಟಲ್ ಸೆನ್ಸರ್ ಕೊಡುವ ಸಂಕೇತವನ್ನು ನೋಡಿ ಕಂಪ್ಯೂಟರ್ ‘ಈಗ ಐಡ್ಲಿಂಗ್’ ಎಂದು ತಿಳಿಯುತ್ತದೆ. ಸ್ಕ್ರೂ ತಟ್ಟೆಯನ್ನು ಎತ್ತಿಹಿಡಿದರೆ ಆ ಸಂಕೇತವೇ ಬದಲಾಗಿ, ಐಡ್ಲಿಂಗ್ ಕಾಯಬೇಕಾದ ಕಂಪ್ಯೂಟರ್ ಕೈಕಟ್ಟಿ ಕೂರುತ್ತದೆ. ಆದ್ದರಿಂದ ಶುಚಿ ಮಾಡುವ ಮುನ್ನ ಸ್ಕ್ರೂ ಹಿಂದಿರುಗಿಸಿ ಎಂದು ಮೊದಲೇ ಬರೆದೆ.

ಶುಚಿ ಮಾಡಿದ ಮೇಲೂ ತೊಂದರೆ ಉಳಿದರೆ ಬ್ಯಾಟರಿಯನ್ನು ಅಳೆಯಿರಿ. ಎಂಜಿನ್ ನಿಂತು ಕೆಲವು ಗಂಟೆ ಕಳೆದಾಗ 12.6 ವೋಲ್ಟ್ ಇರಬೇಕು, ಓಡುವಾಗ 13.5ರಿಂದ 14.5ರ ಒಳಗೆ. ಐಡ್ಲಿಂಗ್‌ನಲ್ಲಿ ಚಾರ್ಜಿಂಗ್ ಕಡಿಮೆ ಇರುವುದರಿಂದ, ಸೋತ ಬ್ಯಾಟರಿ ಅಥವಾ ಉಪ್ಪು ಹಿಡಿದ ಅರ್ಥ್ ವೈರ್ ಇದ್ದರೆ ಫ್ಯೂಯಲ್ ಪಂಪಿನ ಒತ್ತಡ ಬೀಳುತ್ತದೆ. ಟೇಪ್ ರೆಕಾರ್ಡರನ್ನು ಜೋರಾಗಿ ಹಾಕಿಕೊಂಡು ಜನರನ್ನು ಕಾಯುವ ದೋಣಿಗಳಲ್ಲಿ ಇದು ವಿಶೇಷವಾಗಿ ಕಾಣುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಸಾಲಾಗಿ ಇಟ್ಟು ನೋಡಿ. ನಾಲ್ಕೂ ಒಂದೇ ಬಣ್ಣದಲ್ಲಿದ್ದರೆ ಸಮಾಧಾನ; ಒಂದರ ತುದಿಯಲ್ಲಿ ನೀರಿನ ಹನಿ ಅಥವಾ ತುಕ್ಕಿನ ಗುರುತು ಕಂಡರೆ ಮುಂದೆ ಓಡಿಸದೆ ವರ್ಕ್‌ಶಾಪಿಗೆ ಒಯ್ಯಿರಿ, ಅದು ಗ್ಯಾಸ್ಕೆಟ್ಟಿನಿಂದಲೋ ಸೈಲೆನ್ಸರ್ ದಾರಿಯಿಂದಲೋ ನೀರು ಒಳಬರುತ್ತಿರುವ ಸೂಚನೆ. ಕಾದ ಮೇಲೆ ಮಾತ್ರ ಐಡ್ಲಿಂಗ್ ಕೆಡುವ, ತುಂಬಾ ಗಂಟೆ ಓಡಿದ ಎಂಜಿನ್ನಿನಲ್ಲಿ ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಬಿಗಿಯಾಗಿರಬಹುದು. ಅದು ಕೊನೆಯ ಮಾತು, ಮೊದಲನೆಯದಲ್ಲ.

ಗಾಳಿ ಸೋರಿಕೆ ಹುಡುಕುವುದಕ್ಕೆ ಒಂದು ಎಚ್ಚರಿಕೆ. ಬೈಕ್ ವರ್ಕ್‌ಶಾಪಿನಲ್ಲಿ ಪೆಟ್ರೋಲನ್ನೋ ಕಾರ್ಬುರೇಟರ್ ಸ್ಪ್ರೇಯನ್ನೋ ಜೋಡಣೆಗಳ ಮೇಲೆ ಸಿಂಪಡಿಸಿ ವೇಗ ಏರುತ್ತದೆಯೇ ಎಂದು ನೋಡುವ ಪದ್ಧತಿ ಇದೆ. ದೋಣಿಯ ಎಂಜಿನ್ ಕೋಣೆ ಒಂದು ಮುಚ್ಚಿದ ಪೆಟ್ಟಿಗೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಅಲ್ಲಿ ಆ ಪ್ರಯೋಗ ಬೇಡ. ಸಿಹಿನೀರನ್ನು ಸಣ್ಣಗೆ ಸಿಂಪಡಿಸಿ ನೋಡಿ, ಅಥವಾ ಒಂದು ರಬ್ಬರ್ ಪೈಪನ್ನು ಕಿವಿಗಿಟ್ಟು ಜೋಡಣೆಗಳ ಸುತ್ತ ಆಲಿಸಿ, ಎಳೆತದ ಸದ್ದು ಕೇಳುತ್ತದೆ. ಇನ್ನು ಮುಚ್ಚಳ ತೆರೆದಾಗ ಐಡ್ಲಿಂಗ್ ಸರಿ, ಮುಚ್ಚಿದಾಗ ಆಫ್ ಎಂದು ಚೀಟಿಯಲ್ಲಿ ಬರೆದಿದ್ದರೆ, ಸೈಲೆನ್ಸರಿನ ಜೋಡಣೆ ಒಡೆದು ಎಂಜಿನ್ ತನ್ನ ಹೊಗೆಯನ್ನೇ ತಾನು ಉಸಿರಾಡುತ್ತಿದೆ ಎಂದು ತಿಳಿಯಿರಿ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ, ಬಣ್ಣವಿಲ್ಲ, ವಾಸನೆಯಿಲ್ಲ. ಆ ದೋಣಿಗೆ ಯಾರನ್ನೂ ಹತ್ತಿಸಬಾರದು.

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ಕೆಲಸದ ನಿಮಿತ್ತ ನ್ಯೂಜಿಲೆಂಡಿನ ಕ್ಯಾಂಟರ್ಬರಿಯಲ್ಲಿ ನೆಲೆಸಿದ್ದೇನೆ. ಇಲ್ಲಿನ ಸ್ನೇಹಿತರೊಬ್ಬರಿಂದ ಹಳೆಯ ಜೆಟ್ ದೋಣಿಯನ್ನು ಕೊಂಡಿದ್ದೇನೆ; ಕಾರ್ಬುರೇಟರ್ ಇರುವ ವಿ8 ಎಂಜಿನ್. ನದಿಯಲ್ಲಿ ವೇಗವಾಗಿ ಹೋಗುವಾಗ ಟೆಂಪರೇಚರ್ ಸರಿಯಾಗಿರುತ್ತದೆ. ದಡದಲ್ಲಿ ನಿಂತು ಐಡಲ್ ಬಿಟ್ಟರೆ ಮುಳ್ಳು ಏರುತ್ತಾ ಹೋಗಿ, ಎಂಜಿನ್ ಕುಂಟುತ್ತದೆ, ಕೊನೆಗೆ ನಿಲ್ಲುತ್ತದೆ. ಬಿಸಿಯಲ್ಲಿ ಮತ್ತೆ ಸ್ಟಾರ್ಟ್ ಆಗುವುದೂ ಕಷ್ಟ. ಕಾರ್ಬುರೇಟರ್ ಬದಲಿಸಲೇ?
ಓದುಗರೊಬ್ಬರು, ಕ್ರೈಸ್ಟ್‌ಚರ್ಚ್

ಉತ್ತರ: ಬದಲಿಸಬೇಡಿ. ನಿಮ್ಮ ಎಂಜಿನ್ ಕುಂಟುತ್ತಿರುವುದು ಬಿಸಿಯಿಂದ. ಬಿಸಿಯ ಮೂಲ ಬಹುಮಟ್ಟಿಗೆ ನೀರಿನ ದಾರಿಯಲ್ಲಿದೆ. ಈ ದೋಣಿಗಳಲ್ಲಿ ತಂಪಿನ ನೀರಿಗೆಂದು ಬೇರೆ ಪಂಪು ಇರುವುದು ಅಪರೂಪ. ಜೆಟ್ಟಿನ ಒತ್ತಡದ ಕಡೆಯಿಂದಲೇ ಒಂದು ಪೈಪು ಎಂಜಿನ್ನಿಗೆ ನೀರು ಕೊಡುತ್ತದೆ. ವೇಗದಲ್ಲಿ ಆ ಒತ್ತಡ ಧಾರಾಳವಾಗಿರುವುದರಿಂದ ಅರ್ಧ ಕಟ್ಟಿಕೊಂಡ ಪೈಪಿನಲ್ಲೂ ಸಾಕಷ್ಟು ನೀರು ನುಗ್ಗುತ್ತದೆ. ಐಡ್ಲಿಂಗ್‌ನಲ್ಲಿ ಒತ್ತಡ ತೀರಾ ಕಡಿಮೆಯಾದ್ದರಿಂದ ಸಣ್ಣ ಅಡಚಣೆಯೂ ಬಾಧಿಸುತ್ತದೆ. ವೈಮಾಕರಿರಿ, ರಾಕಾಯಾ ಮುಂತಾದ ನಿಮ್ಮ ಕಡೆಯ ನದಿಗಳು ಬೆಣಚುಕಲ್ಲಿನ ಹಾಸಿನ ಮೇಲೆ ಹಲವು ಕವಲಾಗಿ ಹೆಣೆದುಕೊಂಡು ಹರಿಯುವಂಥವು. ಹಿಮನದಿಗಳು ಅರೆದ ಕಲ್ಲಿನ ಹಿಟ್ಟು ಕೆಲವು ನದಿಗಳ ನೀರನ್ನು ಹಾಲುಬೂದಿಯ ಬಣ್ಣಕ್ಕೆ ತಿರುಗಿಸುತ್ತದೆ. ಆ ಹಿಟ್ಟು ಸೋಸುಕದಲ್ಲಿ, ಎಂಜಿನ್ ಬ್ಲಾಕಿನ ತಗ್ಗುಗಳಲ್ಲಿ, ಸೈಲೆನ್ಸರ್ ಸುತ್ತಲಿನ ನೀರಿನ ಕವಚದಲ್ಲಿ ಕೆಸರಾಗಿ ಕೂರುತ್ತದೆ.

ಸೋಸುಕವನ್ನು ತೆಗೆದು ತೊಳೆಯಿರಿ. ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿದಾಗ ನೀರು ಬಾರದೆ ಕೆಸರು ತಡೆದುಕೊಂಡಿದ್ದರೆ ತಂತಿ ಹಾಕಿ ಬಿಡಿಸಿ, ಹಿಮ್ಮುಖವಾಗಿ ಸಿಹಿನೀರು ಹಾಯಿಸಿ. ಇಂಪೆಲರಿನ ಅಂಚು ಕಲ್ಲು ತಾಗಿ ಸವೆದಿದ್ದರೂ ಒತ್ತಡ ಇಳಿಯುತ್ತದೆ. ಅದರ ಅಂಚಿಗೂ ಸುತ್ತಲಿನ ಉಂಗುರಕ್ಕೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು ಪಂಪಿನ ಕೈಪಿಡಿಯೊಡನೆ ಹೋಲಿಸಿ. ಬಿಸಿ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ತೊಟ್ಟಿಕ್ಕುವುದರಿಂದಲೇ ಮತ್ತೆ ಸ್ಟಾರ್ಟ್ ಆಗಲು ಕಷ್ಟವಾಗುತ್ತಿದೆ; ಬಿಸಿ ಇಳಿದರೆ ಅದೂ ತಾನಾಗಿ ಹೋಗುತ್ತದೆ. ನೀರಿನ ದಾರಿ ಸ್ವಚ್ಛವಾಗಿ, ಮುಳ್ಳು ಸ್ಥಿರವಾಗಿ ನಿಂತ ಮೇಲೂ ಐಡ್ಲಿಂಗ್ ಕುಂಟಿದರೆ ಆಗ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಜೋಡಿಸಿ. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮೂಲದ್ದೇ ಇರುವ ಆರೋಗ್ಯವಂತ ಎಂಜಿನ್ ಸಮುದ್ರಮಟ್ಟದ ಹತ್ತಿರ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸಿ ಅಲುಗದೆ ನಿಲ್ಲುತ್ತದೆ. ಕಡಿಮೆಯಾದರೂ ಸ್ಥಿರವಾಗಿದ್ದರೆ ಗಾಳಿ ಸೋರಿಕೆ ಅಥವಾ ಟೈಮಿಂಗ್, ಮುಳ್ಳು ಲಯವಾಗಿ ಹೊಡೆದುಕೊಂಡರೆ ಯಾವುದೋ ಒಂದು ವಾಲ್ವ್. ಆದರೆ ಹಿಂದಿನ ಮಾಲೀಕರು ರೇಸಿಂಗ್ ಕ್ಯಾಮ್ ಹಾಕಿಸಿದ್ದರೆ ಈ ಅಳತೆಗಳು ಅನ್ವಯಿಸವು, ಅಂಥ ಎಂಜಿನ್ ಜೆಟ್ಟಿನ ಹೊರೆಯಲ್ಲಿ ಸುಖವಾಗಿ ಐಡಲ್ ಆಗುವುದೂ ಇಲ್ಲ.

ನೀವು ಇರುವ ಪ್ರಾಂತ್ಯವೇ ಈ ಯಂತ್ರದ ತವರು ಎಂಬುದನ್ನು ಉಳಿದ ಓದುಗರಿಗಾಗಿ ಹೇಳುತ್ತೇನೆ. ಅಲ್ಲಿನ ಐರಿಷ್‌ಮನ್ ಕ್ರೀಕ್ ಎಂಬ ಕುರಿಸಾಕಣೆಯ ಜಮೀನಿನಲ್ಲಿ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಈ ಜೆಟ್ಟನ್ನು ರೂಪಿಸಿದ್ದು, ಪ್ರೊಪೆಲರ್ ಇಳಿಸಲಾಗದಷ್ಟು ಆಳ ಕಡಿಮೆಯಿರುವ ಅದೇ ನದಿಗಳಲ್ಲಿ ಓಡಾಡಲು. 1960ರಲ್ಲಿ ಅವರ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ ಕೊಲರಾಡೊ ನದಿಯನ್ನು ಪ್ರವಾಹಕ್ಕೆದುರಾಗಿ ಏರಿದವು. 1977ರಲ್ಲಿ ಎಡ್ಮಂಡ್ ಹಿಲರಿ ಬಂಗಾಳ ಕೊಲ್ಲಿಯಿಂದ ಗಂಗೆಯನ್ನು ಏರಿಹೋದದ್ದೂ ಜೆಟ್ ದೋಣಿಗಳಲ್ಲೇ. ಗಂಗೆಯ ಹೂಳು ಅವರ ಸೋಸುಕಗಳನ್ನು ಎಷ್ಟು ಸಲ ತೊಳೆಸಿರಬಹುದು ಎಂದು ನಾನು ಆಗಾಗ ಯೋಚಿಸುವುದುಂಟು.

ಪ್ರಶ್ನೆ: ಶರಾವತಿ ಹಿನ್ನೀರಿನಲ್ಲಿ ಬಳಸುತ್ತಿದ್ದ, ಕಾರ್ಬುರೇಟರ್ ಇರುವ ಹಳೆಯ ಟೂ ಸ್ಟ್ರೋಕ್ ಜೆಟ್ ಸ್ಕೀ ನಮ್ಮಲ್ಲಿದೆ. ದಡಕ್ಕೆ ಎಳೆದು ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್ ತಾನಾಗಿಯೇ ಏರುತ್ತಾ ಹೋಗಿ ಕಿರುಚಾಡತೊಡಗಿತು. ಸ್ವಿಚ್ ಆಫ್ ಮಾಡಿದರೂ ಕೆಲವು ಕ್ಷಣ ನಿಲ್ಲಲಿಲ್ಲ. ಕಾರಣವೇನು?
ಓದುಗರೊಬ್ಬರು, ಸಾಗರ

ಉತ್ತರ: ನೀರಿನಿಂದ ಹೊರಗೆ ಹೊರೆ ಇಲ್ಲದ ಕಾರಣ ಐಡ್ಲಿಂಗ್ ಸ್ವಲ್ಪ ಏರುವುದು ಸಹಜ, ಆದರೆ ತಾನಾಗಿ ಏರುತ್ತಲೇ ಹೋಗುವುದು ಮಿಶ್ರಣ ತೆಳುವಾಗಿದೆ ಎಂಬುದರ ಲಕ್ಷಣ. ಕಾರ್ಬುರೇಟರಿನ ಗ್ಯಾಸ್ಕೆಟ್, ಕ್ರ್ಯಾಂಕಿನ ತುದಿಯ ಆಯಿಲ್ ಸೀಲ್, ಕ್ರ್ಯಾಂಕ್‌ಕೇಸಿನ ಒತ್ತಡವನ್ನು ಫ್ಯೂಯಲ್ ಪಂಪಿಗೆ ಒಯ್ಯುವ ಪಲ್ಸ್ ಪೈಪಿನ ಸೀಳು ಇವುಗಳ ಮೂಲಕ ಗಾಳಿ ಒಳಬರುತ್ತಿರಬಹುದು, ಇಲ್ಲವೇ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಕೊಡುವ ಕಾರ್ಬುರೇಟರಿನ ಸಣ್ಣ ರಂಧ್ರ (ಸ್ಲೋ ಜೆಟ್) ಕಟ್ಟಿಕೊಂಡಿರಬಹುದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಬೇರಿಂಗ್, ಪಿಸ್ಟನ್‌ಗಳಿಗೆ ಎಣ್ಣೆ ತಲುಪುವುದು ಪೆಟ್ರೋಲಿನ ಜೊತೆಗೆ. ಪೆಟ್ರೋಲ್ ಕಡಿಮೆಯಾದಾಗ ಬಿಸಿ ಏರುತ್ತದೆ, ಎಣ್ಣೆಯೂ ಇಳಿಯುತ್ತದೆ. ಅತಿ ಬಿಸಿಯಾದ ಎಂಜಿನ್ ಕಿಡಿ ಇಲ್ಲದೆಯೂ ಉರಿಯಬಲ್ಲದಾದ್ದರಿಂದಲೇ ಸ್ವಿಚ್ಚಿಗೆ ಬಗ್ಗಲಿಲ್ಲ. ಮತ್ತೊಮ್ಮೆ ಹಾಗಾದರೆ ಚೋಕ್ ಪೂರ್ತಿ ಎಳೆಯಿರಿ, ಗಾಳಿ ಕಟ್ಟಾಗಿ ನಿಲ್ಲುತ್ತದೆ. ಆದರೆ ಮತ್ತೊಮ್ಮೆ ಆಗುವವರೆಗೆ ಕಾಯದೆ, ಕ್ರ್ಯಾಂಕ್‌ಕೇಸಿಗೆ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸಬಲ್ಲ ವರ್ಕ್‌ಶಾಪಿಗೆ ಒಯ್ಯಿರಿ. ಸ್ಲೋ ಸ್ಕ್ರೂ ಇಳಿಸಿ ಸುಮ್ಮನಾದರೆ ಪಿಸ್ಟನ್ ಜಾಮಾಗುವ ದಿನ ಮುಂದೆ ಹೋಗುತ್ತದೆ, ಅಷ್ಟೇ.

ಪ್ರಶ್ನೆ: ಉಪ್ಪುನೀರಿನಿಂದ ಬಂದ ಮೇಲೆ ನಮ್ಮ ಹುಡುಗರು ಜೆಟ್ ಸ್ಕೀಗೆ ಪೈಪು ಜೋಡಿಸಿ, ನಲ್ಲಿ ತಿರುಗಿಸಿ, ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ತೊಳೆಯುತ್ತಾರೆ. ಇತ್ತೀಚೆಗೆ ತೊಳೆದ ಮರುದಿನ ಐಡ್ಲಿಂಗ್ ಮಿಸ್ಸಿಂಗ್ ಹೊಡೆಯುತ್ತದೆ, ಬಿಳಿ ಹೊಗೆಯೂ ಬರುತ್ತದೆ. ತೊಳೆಯುವುದಕ್ಕೂ ಇದಕ್ಕೂ ಸಂಬಂಧ ಇದೆಯೇ?
ಓದುಗರೊಬ್ಬರು, ಕಾರವಾರ

ಉತ್ತರ: ಇದೆ. ಎಂಜಿನ್ ನಿಂತಿರುವಾಗ ನಲ್ಲಿ ತೆರೆದರೆ, ಹೊರದಬ್ಬುವ ಹೊಗೆ ಇಲ್ಲದ ಕಾರಣ ನೀರು ಸೈಲೆನ್ಸರ್ ತುಂಬಿ, ತೆರೆದಿರುವ ವಾಲ್ವಿನ ಮೂಲಕ ಸಿಲಿಂಡರಿಗೆ ಹಿಂದಿರುಗುತ್ತದೆ. ಕ್ರಮ ಹೀಗಿರಬೇಕು: ಮೊದಲು ಎಂಜಿನ್ ಸ್ಟಾರ್ಟ್, ಕೂಡಲೇ ನಲ್ಲಿ; ಮುಗಿದಾಗ ಮೊದಲು ನಲ್ಲಿ ಬಂದ್, ಕೆಲವು ಸೆಕೆಂಡಿನಲ್ಲಿ ಒಂದೆರಡು ಸಲ ಲಘುವಾಗಿ ರೇಸ್ ಮಾಡಿ ಸೈಲೆನ್ಸರಿನ ನೀರು ಹೊರಹಾಕಿ, ಎಂಜಿನ್ ಆಫ್. ನೀರಿಲ್ಲದೆ ಓಡುವ ಹೊತ್ತು ಎರಡೂ ತುದಿಯಲ್ಲಿ 15 ಸೆಕೆಂಡು ದಾಟಬಾರದು.

ಈಗಾಗಲೇ ಮಿಸ್ಸಿಂಗ್ ಇರುವುದರಿಂದ ಸ್ಟಾರ್ಟರ್ ಒತ್ತುವುದನ್ನು ನಿಲ್ಲಿಸಿ, ನೀರು ತುಂಬಿದ ಸಿಲಿಂಡರಿನ ಮೇಲೆ ಪಿಸ್ಟನ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ಗುಗಳನ್ನು ಬಿಚ್ಚಿ, ಕಿಡಿ ಹಾರದಂತೆ ಇಗ್ನಿಷನ್ ಕನೆಕ್ಟರ್ ಕಳಚಿ, ಆಮೇಲೆ ಕ್ರ್ಯಾಂಕ್ ತಿರುಗಿಸಿ ನೀರು ಚಿಮ್ಮುತ್ತದೆಯೇ ನೋಡಿ. ಆಯಿಲ್ ಹಾಲಿನಂತೆ ಬಿಳಿಚಿದ್ದರೆ, ಶುದ್ಧ ಬಣ್ಣ ಬರುವವರೆಗೆ ಎಷ್ಟು ಸಲವಾದರೂ ಬದಲಿಸಿ, ಅದೇ ದಿನ. ರಾತ್ರಿ ಕಳೆದರೆ ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ.